ಗಡಿಯ ಕಾವಲು ಮತ್ತು ಜನಪದ ಸ್ಮೃತಿ: ಫಿನ್ಲೆಂಡಿನ ಯುದ್ಧನಿರೋಧ ಕುರಿತ ಒಂದು ವಿವೇಚನೆ

ಬಲಾಢ್ಯ ರಾಷ್ಟ್ರವೊಂದರ ಮಗ್ಗುಲಲ್ಲಿ ಬದುಕಬೇಕಾದ ಚಿಕ್ಕ ಪ್ರಜಾಸತ್ತಾತ್ಮಕ ರಾಷ್ಟ್ರವು ಆ ನೆರೆಯ ದಂಡಯಾತ್ರೆಯನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ರಾಜ್ಯಶಾಸ್ತ್ರಜ್ಞರೂ ಸೇನಾ ಪರಿಣತರೂ ಚರ್ಚಿಸುತ್ತ ಬಂದಿದ್ದಾರೆ. ಫಿರಂಗಿಗಳ ಸಂಖ್ಯೆ, ಒಪ್ಪಂದಗಳ ಒಕ್ಕಣೆ, ಗಡಿಯ ಉದ್ದ ಮುಂತಾದ ಸಂಗತಿಗಳು ಅಲ್ಲಿ ಮುಖ್ಯವಾಗುತ್ತವೆ. ಆದರೆ ಯುದ್ಧವನ್ನು ತಡೆಯುವ ಕ್ರಿಯೆ ನಡೆಯುವುದು ರಣರಂಗದಲ್ಲಿ ಅಲ್ಲ, ಎದುರಾಳಿಯ ಮನಸ್ಸಿನಲ್ಲಿ. ‘ಈ ಜನ ಸುಲಭವಾಗಿ ಮಣಿಯುವವರಲ್ಲ’ ಎಂಬ ನಂಬಿಕೆ ಆಕ್ರಮಣಕಾರನಲ್ಲಿ ಮೊದಲೇ ಬೇರೂರಿದ್ದರೆ ಯುದ್ಧ ಆರಂಭವಾಗದೆ ಉಳಿಯಬಹುದು. ಒಂದು ಜನಸಮುದಾಯ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ, ಆ ಹೇಳಿಕೆಯನ್ನು ಅನ್ಯರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದು ಮೂಲತಃ ಜಾನಪದ ಅಧ್ಯಯನದ ಪ್ರಶ್ನೆಯೂ ಹೌದು.

ಈ ದೃಷ್ಟಿಯಿಂದ ಫಿನ್ಲೆಂಡ್ ವಿಶೇಷ ಗಮನಕ್ಕೆ ಅರ್ಹವಾದ ದೇಶ. ಸುಮಾರು 56 ಲಕ್ಷ ಜನಸಂಖ್ಯೆಯ ಈ ರಾಷ್ಟ್ರ ರಷ್ಯಾದೊಡನೆ 1,340 ಕಿಲೋಮೀಟರ್ ಉದ್ದದ ಗಡಿಯನ್ನು ಹಂಚಿಕೊಂಡಿದೆ. ಜಾನಪದ ವಿದ್ವತ್ತಿನ ಚರಿತ್ರೆಯಲ್ಲಿ ಅದಕ್ಕೆ ಇರುವ ಸ್ಥಾನವಂತೂ ಅದರ ಗಾತ್ರವನ್ನು ಮೀರಿದ್ದು. ಕಾರ್ಲೆ ಕ್ರೋನ್ ಮತ್ತು ಆಂಟಿ ಆರ್ನೆ ರೂಪಿಸಿದ ಐತಿಹಾಸಿಕ-ಭೌಗೋಳಿಕ ವಿಧಾನವನ್ನು ಕನ್ನಡದ ಜಾನಪದ ವಿದ್ಯಾರ್ಥಿಗಳು ‘ಫಿನ್ನಿಶ್ ವಿಧಾನ’ ಎಂದೇ ಓದುತ್ತ ಬಂದಿದ್ದಾರೆ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಆನೆಲಿ ಹಾಂಕೊ ಅವರೊಡಗೂಡಿ ದಾಖಲಿಸಿ, 1998ರಲ್ಲಿ ಪ್ರಕಟಿಸಿದ ಲೌರಿ ಹಾಂಕೊ ಕೂಡ ಆ ನಾಡಿನವರೇ. ಹಾಡನ್ನು ಸಂಗ್ರಹಿಸುವುದನ್ನು ನಾಡು ಕಟ್ಟುವ ಕೆಲಸವೆಂದು ಭಾವಿಸಿದ ಈ ದೇಶವು, ತನಗಿಂತ ಹಲವು ಪಟ್ಟು ದೊಡ್ಡ ನೆರೆಯ ಎದುರು ಹೇಗೆ ಉಳಿದುಕೊಂಡಿತು, ಆ ಉಳಿವಿನಲ್ಲಿ ಜನಪದ ಸ್ಮೃತಿಯ ಪಾತ್ರವೆಷ್ಟು, ಅದರ ಮಿತಿ ಮತ್ತು ಅಪಾಯಗಳೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯುದ್ಧನಿರೋಧದ ಸ್ವರೂಪ

ಯುದ್ಧನಿರೋಧವೆಂದರೆ ಯುದ್ಧದಲ್ಲಿ ಗೆಲ್ಲುವ ವಿದ್ಯೆಯಲ್ಲ. ಯುದ್ಧ ಸಂಭವಿಸದಂತೆ ನೋಡಿಕೊಳ್ಳುವ ವಿದ್ಯೆ. ಇದಕ್ಕೆ ಎರಡು ಮಾರ್ಗಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಮೊದಲನೆಯದು ದಂಡನೆಯ ಮಾರ್ಗ: ಆಕ್ರಮಣ ಮಾಡಿದರೆ ಆಕ್ರಮಣಕಾರನ ನೆಲ, ನಗರ, ಸಂಪತ್ತುಗಳಿಗೆ ಭಾರಿ ಹಾನಿಯಾಗುತ್ತದೆ ಎಂದು ಮನವರಿಕೆ ಮಾಡಿಕೊಡುವುದು. ಅಣ್ವಸ್ತ್ರ ಹೊಂದಿದ ದೊಡ್ಡ ರಾಷ್ಟ್ರಗಳ ಹಾದಿ ಇದು. ಎರಡನೆಯದು ನಿರಾಕರಣೆಯ ಮಾರ್ಗ: ಆಕ್ರಮಣಕಾರನು ಬಯಸಿದ್ದು ಅವನಿಗೆ ದಕ್ಕದಂತೆ, ದಕ್ಕಿದರೂ ಜೀರ್ಣವಾಗದಂತೆ ಮಾಡುವುದು. ಚಿಕ್ಕ ರಾಷ್ಟ್ರಗಳಿಗೆ ತಮ್ಮ ಬಲದಿಂದಲೇ ಸಾಧ್ಯವಾಗುವ ಮಾರ್ಗವೆಂದರೆ ಬಹುಮಟ್ಟಿಗೆ ಇದೊಂದೇ.

ಇವೆರಡರ ಜೊತೆಗೆ ಮೂರನೆಯ ಅಂಶವೊಂದುಂಟು, ಅದು ಭರವಸೆ. ‘ನೀನು ಸುಮ್ಮನಿದ್ದರೆ ನಮ್ಮಿಂದ ನಿನಗೆ ಅಪಾಯವಿಲ್ಲ’ ಎಂಬ ಮಾತನ್ನು ದೊಡ್ಡ ನೆರೆ ನಂಬುವಂತಿರಬೇಕು. ಹಾಗಿಲ್ಲವಾದರೆ ಚಿಕ್ಕ ರಾಷ್ಟ್ರದ ಸಿದ್ಧತೆಯೇ ದಾಳಿಗೆ ನೆಪವಾಗಬಹುದು. ಹೀಗೆ ಸಾಮರ್ಥ್ಯ, ಸಂಕಲ್ಪ, ಭರವಸೆ ಎಂಬ ಮೂರು ಕಂಬಗಳ ಮೇಲೆ ಯುದ್ಧನಿರೋಧ ನಿಂತಿರುತ್ತದೆ. ಸಾಮರ್ಥ್ಯವನ್ನು ಎಣಿಸಬಹುದು. ಸಂಕಲ್ಪವನ್ನು ಎಣಿಸಲಾಗದು, ಅದು ಹಾಡು, ಕಥೆ, ಆಚರಣೆ, ನಡವಳಿಕೆಗಳ ಮೂಲಕ ವ್ಯಕ್ತವಾಗುತ್ತದೆ, ಮತ್ತು ತಪ್ಪು ಓದಿಗೂ ಗುರಿಯಾಗುತ್ತದೆ. ಫಿನ್ಲೆಂಡಿನ ಚರಿತ್ರೆ ಈ ಎರಡೂ ಸಾಧ್ಯತೆಗಳಿಗೆ ನಿದರ್ಶನವಾಗಿದೆ.

ಹಾಡಿನಿಂದ ನಾಡಿಗೆ

1809ರವರೆಗೆ ಸ್ವೀಡನ್ನಿನ ಭಾಗವಾಗಿದ್ದ ಫಿನ್ಲೆಂಡ್ ಆ ವರ್ಷ ರಷ್ಯಾದ ಚಕ್ರವರ್ತಿಯ ಅಧೀನಕ್ಕೆ ಬಂದಿತು. ಆಡಳಿತ ಮತ್ತು ವಿದ್ಯೆಯ ಭಾಷೆ ಸ್ವೀಡಿಶ್ ಆಗಿದ್ದು, ಬಹುಸಂಖ್ಯಾತ ರೈತಾಪಿ ಜನರ ಫಿನ್ನಿಶ್ ಭಾಷೆಗೆ ಮನೆ, ಹೊಲ, ಚರ್ಚುಗಳ ಆಚೆ ಸ್ಥಾನವಿರಲಿಲ್ಲ. 1831ರಲ್ಲಿ ಸ್ಥಾಪನೆಯಾದ ಫಿನ್ನಿಶ್ ಸಾಹಿತ್ಯ ಸಂಘದ ಬೆಂಬಲದಿಂದ ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯ ಪೂರ್ವದ ಕರೇಲಿಯಾ ಪ್ರಾಂತ್ಯದಲ್ಲಿ ಸಂಚರಿಸಿ ಹಾಡುಗಳನ್ನು ಸಂಗ್ರಹಿಸಿದನು. 1834ರಲ್ಲಿ ಲಾತ್ವಾಯಾರ್ವಿ ಎಂಬ ಹಳ್ಳಿಯ ಆರ್ಹಿಪ್ಪ ಪೆರ್ತುನೆನ್ ಎಂಬ ವೃದ್ಧ ಗಾಯಕ ಅವನಿಗೆ ಸುಮಾರು ನಾಲ್ಕು ಸಾವಿರ ಸಾಲುಗಳನ್ನು ಹಾಡಿದನು. ಈ ಸಂಗ್ರಹದ ಆಧಾರದಿಂದ 1835ರಲ್ಲಿ ‘ಕಲೇವಾಲ’ದ ಮೊದಲ ಆವೃತ್ತಿಯೂ 1849ರಲ್ಲಿ ಐವತ್ತು ಅಧ್ಯಾಯಗಳ, 22,795 ಸಾಲುಗಳ ವಿಸ್ತೃತ ಆವೃತ್ತಿಯೂ ಹೊರಬಂದವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬಿಡಿಬಿಡಿಯಾಗಿದ್ದ ಹಾಡುಗಳನ್ನು ಒಂದು ಕಥೆಯಾಗಿ ಜೋಡಿಸಿದವನು ಲೋನ್‌ರೋಟನೇ. ಆ ಕ್ರಮದಲ್ಲಿ ಇಡೀ ಕಾವ್ಯವನ್ನು ಯಾವ ಗಾಯಕನೂ ಹಾಡಿದವನಲ್ಲ. ಎರಡನೆಯದಾಗಿ, ಅತ್ಯುತ್ತಮ ಹಾಡುಗಳು ದೊರೆತ ಬಿಳಿಸಮುದ್ರದ ಕಡೆಯ ಕರೇಲಿಯಾ ಪ್ರದೇಶ ಫಿನ್ಲೆಂಡಿನ ಆಡಳಿತ ಗಡಿಯ ಆಚೆ, ರಷ್ಯಾದ ಒಳಗೆ ಇದ್ದಿತು. ರಾಷ್ಟ್ರದ ಕಾವ್ಯ ಒಂದು ಕಡೆ, ಕಾವ್ಯದ ನೆಲ ಇನ್ನೊಂದು ಕಡೆ ಎಂಬ ಈ ಸ್ಥಿತಿ ಮುಂದೆ ದೊಡ್ಡ ಇಕ್ಕಟ್ಟಿಗೆ ದಾರಿಮಾಡಿತು.

ಹಾಂಕೊ ಅವರು ‘ಜಾನಪದ ಪ್ರಕ್ರಿಯೆ’ಯನ್ನು ವಿವರಿಸುವಾಗ ಸಮುದಾಯದೊಳಗೆ ಸಹಜವಾಗಿ ಬಾಳುವ ಜಾನಪದದ ‘ಮೊದಲ ಬದುಕು’ ಮತ್ತು ಸಂಗ್ರಹ, ಮುದ್ರಣ, ಪಠ್ಯಪುಸ್ತಕ, ಉತ್ಸವಗಳ ಮೂಲಕ ಅದು ಪಡೆಯುವ ‘ಎರಡನೆಯ ಬದುಕು’ ಎಂದು ವಿಂಗಡಿಸುತ್ತಾರೆ. ಕಲೇವಾಲದ ಎರಡನೆಯ ಬದುಕು ಅಸಾಧಾರಣವಾದುದು. ತಮಗೂ ಒಂದು ಭಾಷೆ, ಒಂದು ಪ್ರಾಚೀನತೆ, ಒಂದು ಅಸ್ಮಿತೆ ಇದೆ ಎಂಬ ಅರಿವನ್ನು ಅದು ಓದುಬರಹ ಬಲ್ಲ ತಲೆಮಾರಿಗೆ ಕೊಟ್ಟಿತು. 1863ರ ರಾಜಾಜ್ಞೆ ಫಿನ್ನಿಶ್ ಭಾಷೆಗೆ ಆಡಳಿತದಲ್ಲಿ ಹಂತಹಂತವಾಗಿ ಸಮಾನ ಸ್ಥಾನ ದೊರಕಿಸುವ ಹಾದಿ ತೆರೆಯಿತು.

ಈ ಅರಿವು ರಾಜಕೀಯ ಸಂಕಲ್ಪವಾಗಿ ಮೊದಲು ಪ್ರಕಟಗೊಂಡದ್ದು 1899ರಲ್ಲಿ. ಎರಡನೆಯ ನಿಕೊಲಸ್ ಚಕ್ರವರ್ತಿ ಫೆಬ್ರವರಿಯಲ್ಲಿ ಹೊರಡಿಸಿದ ಘೋಷಣೆಯು ಫಿನ್ಲೆಂಡಿನ ಸ್ವಾಯತ್ತತೆಯನ್ನು ಮೊಟಕುಗೊಳಿಸಿತು. ಅದಕ್ಕೆ ಪ್ರತಿಯಾಗಿ ಕಾರ್ಯಕರ್ತರು ನಡುಚಳಿಗಾಲದಲ್ಲಿ ಹಿಮಹಲಗೆಗಳ ಮೇಲೂ ಜಾರುಬಂಡಿಗಳಲ್ಲೂ ಊರೂರು ಸುತ್ತಿ, ಸುಮಾರು ಎರಡು ವಾರಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸಂಗ್ರಹಿಸಿದರು. ಚಕ್ರವರ್ತಿ ಆ ನಿಯೋಗವನ್ನು ಭೇಟಿಯಾಗಲು ಒಪ್ಪಲಿಲ್ಲ. ಮನವಿ ವಿಫಲವಾಯಿತು, ಆದರೆ ಹಿಮದಲ್ಲಿ ಮನೆಮನೆಗೂ ನಡೆದು ಸಹಿ ತಂದ ಸಂಗತಿ ಜನರ ನೆನಪಿನಲ್ಲಿ ಉಳಿಯಿತು. 1906ರಲ್ಲಿ ಸ್ತ್ರೀಪುರುಷರಿಬ್ಬರಿಗೂ ಮತದಾನದ ಮತ್ತು ಚುನಾವಣೆಗೆ ನಿಲ್ಲುವ ಹಕ್ಕು ದೊರೆತು, ಮರುವರ್ಷ 19 ಮಹಿಳೆಯರು ಸಂಸತ್ತಿಗೆ ಆಯ್ಕೆಯಾದರು. 1917ರ ಡಿಸೆಂಬರ್ 6ರಂದು ಫಿನ್ಲೆಂಡ್ ಸ್ವತಂತ್ರವಾಯಿತು.

ಒಡಕಿನ ನಾಡು ಮತ್ತು ತಪ್ಪು ಓದು

ಸ್ವಾತಂತ್ರ್ಯದ ಬೆನ್ನಲ್ಲೇ, 1918ರಲ್ಲಿ ‘ಬಿಳಿಯರು’ ಮತ್ತು ‘ಕೆಂಪರು’ ಎಂಬ ಎರಡು ಪಕ್ಷಗಳ ನಡುವೆ ಅಂತರ್ಯುದ್ಧ ನಡೆಯಿತು. ಬಿಳಿಯರು ಗೆದ್ದರು. ಸೆರೆಶಿಬಿರಗಳಲ್ಲಿ ಹಸಿವು ಮತ್ತು ರೋಗಗಳಿಂದ ಸತ್ತ ಕೆಂಪು ಕೈದಿಗಳೇ ಹನ್ನೆರಡು ಸಾವಿರಕ್ಕೂ ಹೆಚ್ಚು. ಗೆದ್ದವರ ಸ್ಮಾರಕಗಳು ಊರ ನಡುವೆ ಎದ್ದವು. ಸೋತವರ ಸಮಾಧಿಗಳು ಕಾಡಿನಂಚಿನಲ್ಲಿ ಹೆಸರಿಲ್ಲದೆ ಉಳಿದವು. ಒಂದೇ ಹಳ್ಳಿಯಲ್ಲಿ ಎರಡು ಬಗೆಯ ಕಥೆಗಳು, ಎರಡು ಬಗೆಯ ಹಾಡುಗಳು ಹುಟ್ಟಿಕೊಂಡವು. ‘ಒಂದು ಜನಾಂಗ, ಒಂದು ಹಾಡು’ ಎಂಬ ರಾಷ್ಟ್ರೀಯವಾದಿ ಸಂಕಥನ ಎಷ್ಟು ಅಪೂರ್ಣವಾದುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

1939ರ ಆಗಸ್ಟ್ 23ರಂದು ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ ಒಪ್ಪಂದದ ರಹಸ್ಯ ಭಾಗದಲ್ಲಿ ಫಿನ್ಲೆಂಡನ್ನು ಸೋವಿಯತ್ ಪ್ರಭಾವವಲಯಕ್ಕೆ ಸೇರಿಸಲಾಗಿತ್ತು. ಅಕ್ಟೋಬರಿನಲ್ಲಿ ಮಾಸ್ಕೋ ತನ್ನ ಬೇಡಿಕೆಗಳನ್ನು ಮುಂದಿಟ್ಟಿತು. ಲೆನಿನ್‌ಗ್ರಾಡ್ ನಗರದಿಂದ ಗಡಿ ಸುಮಾರು 32 ಕಿಲೋಮೀಟರ್ ದೂರದಲ್ಲಿದ್ದು, ಅದನ್ನು ಹಿಂದೆ ಸರಿಸಬೇಕು, ಕೆಲವು ದ್ವೀಪಗಳನ್ನು ಬಿಟ್ಟುಕೊಡಬೇಕು, ಹಾಂಕೊ ಬಂದರನ್ನು ಸೇನಾನೆಲೆಗಾಗಿ ಗುತ್ತಿಗೆಗೆ ಕೊಡಬೇಕು ಎಂಬುವು ಅವುಗಳಲ್ಲಿ ಮುಖ್ಯವಾದುವು. ಬದಲಿಗೆ ಪೂರ್ವ ಕರೇಲಿಯಾದಲ್ಲಿ ಸುಮಾರು ಎರಡು ಪಟ್ಟು ಭೂಮಿ ಕೊಡುವುದಾಗಿಯೂ ಹೇಳಲಾಯಿತು. ಫಿನ್ಲೆಂಡ್ ಒಪ್ಪಲಿಲ್ಲ. ನವೆಂಬರ್ 30ರಂದು ಸುಮಾರು 17 ಕೋಟಿ ಜನರ ಒಕ್ಕೂಟ 37 ಲಕ್ಷ ಜನರ ದೇಶದ ಮೇಲೆ ದಾಳಿ ಮಾಡಿತು.

ಯುದ್ಧನಿರೋಧ ಇಲ್ಲಿ ಸೋತಿತು ಎಂಬುದನ್ನು ಮರೆಮಾಚದೆ ಒಪ್ಪಬೇಕು. ಸೋಲಿಗೆ ಕಾರಣಗಳು ಮೂರು. ಒಂದು, ಸಾಮರ್ಥ್ಯದ ಕೊರತೆ: ಟ್ಯಾಂಕುನಿರೋಧಕ ತೋಪುಗಳು, ಮದ್ದುಗುಂಡುಗಳು ತೀರ ಕಡಿಮೆ ಇದ್ದವು. ಎರಡು, ಮಿತ್ರರ ಕೊರತೆ: ಯುದ್ಧ ಆರಂಭವಾದ ಮೇಲೆ ಸಹಾನುಭೂತಿ ಹರಿದುಬಂದಿತು, ಡಿಸೆಂಬರ್ 14ರಂದು ರಾಷ್ಟ್ರಸಂಘವು ಸೋವಿಯತ್ ಒಕ್ಕೂಟವನ್ನು ಹೊರಹಾಕಿತು, ಆದರೆ ಮೊದಲೇ ಕೊಟ್ಟ ವಾಗ್ದಾನ ಯಾವುದೂ ಇರಲಿಲ್ಲ. ಮೂರನೆಯದು ಜಾನಪದ ದೃಷ್ಟಿಯಿಂದ ಅತ್ಯಂತ ಮಹತ್ವದ್ದು: ಎದುರಾಳಿಯ ತಪ್ಪು ಓದು. 1918ರ ಗಾಯವನ್ನು ನೋಡಿದ ಮಾಸ್ಕೋ ಫಿನ್ಲೆಂಡಿನ ಕಾರ್ಮಿಕರು ಕೆಂಪು ಸೇನೆಯನ್ನು ವಿಮೋಚಕರೆಂದು ಸ್ವಾಗತಿಸುವರೆಂದು ಎಣಿಸಿತು. ಯುದ್ಧದ ಮರುದಿನವೇ ಗಡಿಯ ತೆರಿಯೊಕಿ ಊರಿನಲ್ಲಿ ಓಟೊ ವಿಲ್ಲೆ ಕೂಸಿನೆನ್ ನೇತೃತ್ವದ ಬೊಂಬೆ ಸರ್ಕಾರವೊಂದನ್ನು ಘೋಷಿಸಿದ್ದು ಆ ಎಣಿಕೆಯ ಫಲ. ಆದರೆ ಆ ಎರಡು ದಶಕಗಳಲ್ಲಿ ಸೋತವರ ಪಕ್ಷ ಸಂಸತ್ತಿಗೆ ಮರಳಿತ್ತು, ಸರ್ಕಾರದಲ್ಲಿ ಪಾಲುಗೊಂಡಿತ್ತು, ಒಕ್ಕಲುಗಳಿಗೆ ಭೂಮಿ ದೊರೆತಿತ್ತು. ಹಳೆಯ ಹಗೆಯ ಹಾಡನ್ನು ಕೇಳಿಸಿಕೊಂಡವರಿಗೆ ಹೊಸದಾಗಿ ಕೂಡಿಕೊಂಡ ಬಾಳು ಕೇಳಿಸಲಿಲ್ಲ.

ಇಲ್ಲಿಂದ ಒಂದು ಮುಖ್ಯ ತೀರ್ಮಾನಕ್ಕೆ ಬರಬಹುದು. ಚಿಕ್ಕ ರಾಷ್ಟ್ರದ ಒಳಗಿನ ಒಡಕು ಅದರ ಆಂತರಿಕ ವಿಷಯವಾಗಿ ಉಳಿಯುವುದಿಲ್ಲ. ದೊಡ್ಡ ನೆರೆಗೆ ಅದೊಂದು ಆಹ್ವಾನದಂತೆ ಕಾಣುತ್ತದೆ. ಒಡಕು ಮುಚ್ಚಿದ್ದರೂ ಮುಚ್ಚಿದ ಸಂಗತಿ ಹೊರಗೆ ಗೊತ್ತಾಗದಿದ್ದರೆ ಪ್ರಯೋಜನವಿಲ್ಲ. ಸಂಕಲ್ಪವಿದ್ದರೆ ಸಾಲದು, ಅದು ಕಾಣುವಂತೆಯೂ ಇರಬೇಕು.

ಚಳಿಗಾಲದ ಯುದ್ಧದ ಜಾನಪದ

105 ದಿನಗಳ ‘ಚಳಿಗಾಲದ ಯುದ್ಧ’ 1940ರ ಮಾರ್ಚ್ 13ರಂದು ಕೊನೆಗೊಂಡಿತು. ಫಿನ್ಲೆಂಡಿನ ಸುಮಾರು 25 ಸಾವಿರ ಮಂದಿ ಸತ್ತರು. ಸೋವಿಯತ್ ಕಡೆ ಸತ್ತವರ ಸಂಖ್ಯೆ ಒಂದು ಲಕ್ಷದ 26 ಸಾವಿರಕ್ಕೂ ಹೆಚ್ಚೆಂದು ರಷ್ಯಾದ ಸಂಶೋಧಕರೇ ಮುಂದೆ ಲೆಕ್ಕ ಹಾಕಿದರು. ದೇಶ ಸ್ವತಂತ್ರವಾಗಿ ಉಳಿಯಿತು. ಆದರೆ ನೆಲದ ಸುಮಾರು ಹತ್ತನೆಯ ಒಂದು ಭಾಗ ಕೈಬಿಟ್ಟಿತು. ಅದೇ ಶರತ್ಕಾಲದಲ್ಲಿ ಸೋವಿಯತ್ ಸೇನಾನೆಲೆಗಳಿಗೆ ಒಪ್ಪಿಕೊಂಡಿದ್ದ ಎಸ್ತೋನಿಯಾ, ಲಾತ್ವಿಯಾ, ಲಿಥುವೇನಿಯಾಗಳು 1940ರ ಜೂನಿನಲ್ಲಿ ಆಕ್ರಮಣಕ್ಕೆ ಒಳಗಾಗಿ ಆಗಸ್ಟಿನಲ್ಲಿ ಒಕ್ಕೂಟದೊಳಗೆ ಸೇರಿಹೋದವು ಎಂಬುದನ್ನು ಹೋಲಿಸಿ ನೋಡಿದಾಗ ಆ ಪ್ರತಿರೋಧದ ಅರ್ಥ ತಿಳಿಯುತ್ತದೆ.

ಈ ಯುದ್ಧ ತನ್ನದೇ ಆದ ಜಾನಪದವನ್ನು ಸೃಷ್ಟಿಸಿತು. ಸೋವಿಯತ್ ವಿಮಾನಗಳು ಬಾಂಬುಗಳನ್ನಲ್ಲ, ಆಹಾರವನ್ನು ಹಾಕುತ್ತಿವೆ ಎಂದು ವಿದೇಶಾಂಗ ಸಚಿವ ಮೊಲೊಟೊವ್ ಹೇಳಿದನೆಂಬ ಸುದ್ದಿ ಹರಡಿದಾಗ, ಜನ ಆ ಗೊಂಚಲು ಬಾಂಬುಗಳಿಗೆ ‘ಮೊಲೊಟೊವನ ರೊಟ್ಟಿಬುಟ್ಟಿ’ ಎಂದು ಹೆಸರಿಟ್ಟರು. ಆ ರೊಟ್ಟಿಗೆ ತಕ್ಕ ಪಾನೀಯವಾಗಿ, ಟ್ಯಾಂಕುಗಳ ಮೇಲೆ ಎಸೆಯುವ ಬೆಂಕಿಸೀಸೆಗಳು ‘ಮೊಲೊಟೊವ್ ಕಾಕ್‌ಟೈಲ್’ ಆದವು. ಇಂಥ ಸೀಸೆಗಳನ್ನು ಸ್ಪೇನಿನ ಯುದ್ಧದಲ್ಲಿ ಮೊದಲೇ ಬಳಸಲಾಗಿತ್ತು. ಜಗತ್ತಿನಾದ್ಯಂತ ಉಳಿದ ಹೆಸರು ಮಾತ್ರ ಫಿನ್ನಿಶ್ ಜನರ ಕುಹಕದ ಕೊಡುಗೆ. ಬಲಿಷ್ಠನನ್ನು ನಗೆಗೀಡುಮಾಡಿ ಭಯವನ್ನು ಕುಗ್ಗಿಸುವುದು ಎಲ್ಲ ನಾಡುಗಳ ಜನಪದರಿಗೂ ತಿಳಿದ ಉಪಾಯ.

ಇದಕ್ಕಿಂತ ಆಳವಾದ ಪರಿಣಾಮ ಬೀರಿದ್ದು ಸಾವಿನ ಆಚರಣೆ. ಮಡಿದ ಯೋಧರನ್ನು ರಣರಂಗದಲ್ಲೇ ಹೂಳದೆ, ಸಾಧ್ಯವಾದಷ್ಟೂ ಅವರವರ ಊರಿನ ಚರ್ಚಿನ ಅಂಗಳಕ್ಕೆ ತಂದು ಸಮಾಧಿ ಮಾಡಲಾಯಿತು. ಹೀಗಾಗಿ ದೇಶದ ಬಹುತೇಕ ಪ್ರತಿ ಊರಿನಲ್ಲೂ ವೀರಸಮಾಧಿಗಳ ಸಾಲು ಇದೆ. ಕ್ರಿಸ್‌ಮಸ್ ಹಿಂದಿನ ಸಂಜೆ ಅಲ್ಲಿ ಮೇಣದಬತ್ತಿ ಹಚ್ಚುವುದು ಇಂದಿಗೂ ನಡೆದುಬಂದ ಪದ್ಧತಿ. 1918ರ ಬಿಳಿಯರ ವಿಜಯವನ್ನು ಮೇ 16ರಂದು ಮೆರವಣಿಗೆಯ ಮೂಲಕ ಆಚರಿಸುತ್ತಿದ್ದ ಕ್ರಮವನ್ನು 1940ರಲ್ಲಿ ಕೈಬಿಟ್ಟು, ಮಡಿದವರೆಲ್ಲರ ಸ್ಮರಣೆಯ ದಿನವನ್ನು ಆರಂಭಿಸಲಾಯಿತು. ಅಂತರ್ಯುದ್ಧದ ಎರಡೂ ಪಕ್ಷಗಳವರು ಆ ಸ್ಮರಣೆಯೊಳಗೆ ಬಂದರು. ಅದೇ ಜನವರಿಯಲ್ಲಿ ಮಾಲೀಕರ ಒಕ್ಕೂಟ ಕಾರ್ಮಿಕ ಸಂಘಗಳನ್ನು ಮಾತುಕತೆಯ ಸಮಾನ ಪಕ್ಷವೆಂದು ಮೊದಲ ಬಾರಿಗೆ ಒಪ್ಪಿಕೊಂಡಿತ್ತು. ಒಂದು ಆಚರಣೆಯ ಬದಲಾವಣೆಯೂ ಒಂದು ಆರ್ಥಿಕ ಒಪ್ಪಂದವೂ ಜೊತೆಜೊತೆಯಾಗಿ ನಡೆದವು. ಒಂದಿಲ್ಲದೆ ಇನ್ನೊಂದು ನಿಲ್ಲುತ್ತಿರಲಿಲ್ಲ.

ಬಿಟ್ಟುಬಂದ ಕರೇಲಿಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು, ಅಂದರೆ ಒಟ್ಟು ಜನಸಂಖ್ಯೆಯ ಎಂಟನೆಯ ಒಂದು ಭಾಗದಷ್ಟನ್ನು, ಉಳಿದ ದೇಶ ಒಳಗೆ ತೆಗೆದುಕೊಂಡಿತು. 1945ರ ಭೂಸ್ವಾಧೀನ ಕಾಯಿದೆಯ ಮೂಲಕ ಅವರಿಗೂ ಮಾಜಿ ಯೋಧರಿಗೂ ಜಮೀನು ಹಂಚಲಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಸಾಲುಗಳನ್ನು ಹಾಡಿ ಬರೆಸಿದ್ದ ಲಾರಿನ್ ಪರಸ್ಕೆ ಬಾಳಿದ ಸಕ್ಕೊಲ ಪ್ರದೇಶವೂ ಕಳೆದುಹೋದ ನೆಲದಲ್ಲಿಯೇ ಇತ್ತು. ಸತ್ತವರಿಗಾಗಿ, ಮದುವೆಯಾಗಿ ಹೋಗುವ ಮಗಳಿಗಾಗಿ ಕರೇಲಿಯಾದ ಹೆಂಗಸರು ಹಾಡುತ್ತಿದ್ದ ಅಳುಹಾಡುಗಳ ಪರಂಪರೆಗೆ ಈಗ ಊರನ್ನೇ ಕಳೆದುಕೊಂಡ ದುಃಖವೂ ಸೇರಿತು.

ಕಾವ್ಯವೇ ನೆಪವಾದಾಗ

ಜನಪದ ಸ್ಮೃತಿ ಯಾವಾಗಲೂ ರಕ್ಷಣೆಯ ಪರವಾಗಿಯೇ ಇರುತ್ತದೆಂದು ಭಾವಿಸುವುದು ಸರಿಯಲ್ಲ. 1941ರ ಜೂನಿನಲ್ಲಿ ಜರ್ಮನಿಯ ದಂಡಯಾತ್ರೆಯ ಜೊತೆಗೂಡಿ ಫಿನ್ಲೆಂಡ್ ಮತ್ತೆ ಯುದ್ಧಕ್ಕಿಳಿಯಿತು. ಕಳೆದುಕೊಂಡ ನೆಲವನ್ನು ಪಡೆದ ಮೇಲೂ ಅದರ ಸೇನೆ ನಿಲ್ಲದೆ, ಹಿಂದೆಂದೂ ಫಿನ್ಲೆಂಡಿಗೆ ಸೇರಿರದ ಪೂರ್ವ ಕರೇಲಿಯಾವನ್ನು ಆಕ್ರಮಿಸಿತು. ‘ಕಲೇವಾಲ ಹಾಡಿದ ನೆಲ ನಮ್ಮದು’ ಎಂಬ ವಾದ ಅದಕ್ಕೆ ಸಮರ್ಥನೆಯಾಗಿ ಒದಗಿತು. ಪೆಟ್ರೊಜಾವೋಡ್ಸ್ಕ್ ನಗರಕ್ಕೆ ಫಿನ್ನಿಶ್ ಹೆಸರಿಡಲಾಯಿತು. ಭೂಗೋಳಜ್ಞ ವೈನೊ ಔವರ್ ಮತ್ತು ಇತಿಹಾಸಕಾರ ಐನೊ ಯುತಿಕ್ಕಲ ಅವರು ಆ ನೆಲ ಸಹಜವಾಗಿ ಫಿನ್ಲೆಂಡಿಗೆ ಸೇರಿದ್ದೆಂದು ವಾದಿಸುವ ಗ್ರಂಥವನ್ನು 1941ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ರಷ್ಯನ್ ಮೂಲದ ನಿವಾಸಿಗಳನ್ನು ಶಿಬಿರಗಳಲ್ಲಿ ಕೂಡಿಹಾಕಲಾಗಿ, ಸಾವಿರಾರು ಮಂದಿ ಹಸಿವು, ಕಾಯಿಲೆಗಳಿಂದ ಸತ್ತರು. ಜಾನಪದ ವಿದ್ವತ್ತು ರಾಷ್ಟ್ರೀಯವಾದದ ಸೇವೆಗೆ ನಿಂತ ಈ ಚರಿತ್ರೆಯನ್ನು ಅಮೆರಿಕದ ಜಾನಪದ ವಿದ್ವಾಂಸ ವಿಲಿಯಂ ಎ. ವಿಲ್ಸನ್ 1976ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ.

ಇನ್ನೊಂದು ಕಡೆಯಿಂದಲೂ ಇದೇ ಆಟ ನಡೆಯಿತು. 1949ರಲ್ಲಿ ಕಲೇವಾಲದ ಶತಮಾನೋತ್ಸವವನ್ನು ಸೋವಿಯತ್ ಕರೇಲಿಯಾ ತನ್ನ ಪರಂಪರೆಯೆಂದು ಆಚರಿಸಿತು. ತೆರಿಯೊಕಿ ಸರ್ಕಾರದ ಕೂಸಿನೆನ್ ಅದರ ಮುಂದಾಳುಗಳಲ್ಲಿ ಒಬ್ಬನಾಗಿದ್ದನು. 1963ರಲ್ಲಿ ಉಹ್ತುವಾ ಎಂಬ ಊರಿಗೆ ‘ಕಲೇವಾಲ’ ಎಂದೇ ಮರುನಾಮಕರಣವಾಯಿತು. ಒಂದೇ ಕಾವ್ಯವನ್ನು ಗಡಿಯ ಎರಡೂ ಬದಿಯವರು ತಮ್ಮ ಹಕ್ಕುಪತ್ರವನ್ನಾಗಿ ಮಾಡಿಕೊಂಡರು. ಆದರೆ ಆ ಕಾವ್ಯದ ಕಥೆಯೇ ಬೇರೊಂದನ್ನು ಹೇಳುತ್ತದೆ. ಬೇಡಿದ ಸಮೃದ್ಧಿಯನ್ನೆಲ್ಲ ಬೀಸಿಕೊಡುವ ‘ಸಂಪೊ’ ಎಂಬ ಮಾಯಾಬೀಸುಕಲ್ಲಿಗಾಗಿ ಎರಡು ನಾಡುಗಳವರು ಸಮುದ್ರದ ನಡುವೆ ಹೋರಾಡುತ್ತಾರೆ. ಹೋರಾಟದಲ್ಲಿ ಅದು ನೀರಿಗೆ ಬಿದ್ದು ಒಡೆದುಹೋಗಿ, ಯಾರಿಗೂ ಇಡಿಯಾಗಿ ದಕ್ಕದೆ ಚೂರುಗಳಷ್ಟೇ ದಡ ಸೇರುತ್ತವೆ.

ಸಿದ್ಧತೆ ಮತ್ತು ಸಂಯಮ

1944ರ ಸೆಪ್ಟೆಂಬರಿನ ಕದನವಿರಾಮದ ನಂತರ ಫಿನ್ಲೆಂಡ್ ನೆಲವನ್ನು ಮತ್ತೆ ಕಳೆದುಕೊಂಡಿತು, 30 ಕೋಟಿ ಡಾಲರ್ ಮೌಲ್ಯದ ಯುದ್ಧಪರಿಹಾರವನ್ನು 1952ರೊಳಗೆ ತೀರಿಸಿತು. ಆದರೆ ದೇಶ ಆಕ್ರಮಿತವಾಗಲಿಲ್ಲ. ಚುನಾಯಿತ ಸಂಸತ್ತು ಉಳಿಯಿತು. ಯು.ಕೆ. ಪಾಸಿಕಿವಿ ಮತ್ತು 1956ರಿಂದ ಕಾಲು ಶತಮಾನ ಅಧ್ಯಕ್ಷರಾಗಿದ್ದ ಉರ್ಹೊ ಕೆಕ್ಕೊನೆನ್ ಅವರು ರೂಪಿಸಿದ ನೀತಿಯಲ್ಲಿ ಮುಂಚೆ ಹೇಳಿದ ಮೂರನೆಯ ಕಂಬವಾದ ಭರವಸೆಗೆ ಪ್ರಾಶಸ್ತ್ಯ ದೊರೆಯಿತು. 1948ರ ಮೈತ್ರಿ ಒಪ್ಪಂದದ ಮೂಲಕ, ತನ್ನ ನೆಲವನ್ನು ಬಳಸಿ ಯಾರೂ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಲು ಬಿಡುವುದಿಲ್ಲವೆಂದು ಫಿನ್ಲೆಂಡ್ ಮಾತುಕೊಟ್ಟಿತು. 1944ರಲ್ಲಿ ಗುತ್ತಿಗೆಗೆ ಪಡೆದಿದ್ದ ಪೊರ್ಕ್ಕಲ ನೆಲೆಯನ್ನು ಸೋವಿಯತ್ ಒಕ್ಕೂಟ 1956ರಲ್ಲಿ ಹಿಂದಿರುಗಿಸಿತು.

ಈ ಭರವಸೆಗೆ ತೆತ್ತ ಬೆಲೆ ಸಣ್ಣದಲ್ಲ. ಪತ್ರಿಕೆಗಳು, ಪ್ರಕಾಶಕರು ತಮ್ಮ ಬಾಯಿಗೆ ತಾವೇ ಬೀಗ ಹಾಕಿಕೊಂಡರು. ಸೊಲ್ಝೆನಿತ್ಸಿನ್ನನ ‘ಗುಲಾಗ್ ದ್ವೀಪಸ್ತೋಮ’ದ ಫಿನ್ನಿಶ್ ಅನುವಾದದ ಮೊದಲ ಸಂಪುಟ 1974ರಲ್ಲಿ ಸ್ವೀಡನ್ನಿನಲ್ಲಿ ಹೊರಬರಬೇಕಾಯಿತು. ಸಾರ್ವಜನಿಕವಾಗಿ ಆಡಲಾಗದ ಮಾತು ಖಾಸಗಿ ನಗೆಹನಿಗಳಲ್ಲಿ ಬಾಳಿತು. ಪ್ರಜಾಪ್ರಭುತ್ವವನ್ನು ಉಳಿಸಿಕೊಳ್ಳಲು ಅದರ ಒಂದು ಅಂಶವಾದ ವಾಕ್‌ಸ್ವಾತಂತ್ರ್ಯವನ್ನು ಎಷ್ಟರಮಟ್ಟಿಗೆ ಒತ್ತೆಯಿಡಬಹುದು ಎಂಬ ಪ್ರಶ್ನೆ ಫಿನ್ಲೆಂಡಿನಲ್ಲಿ ಇನ್ನೂ ಚರ್ಚೆಗೆ ಒಳಗಾಗುತ್ತಲೇ ಇದೆ.

ಆದರೆ ಭರವಸೆಯನ್ನಷ್ಟೇ ನಂಬಿ ಕೂರದೆ, ಸದ್ದಿಲ್ಲದೆ ಸಿದ್ಧತೆಯೂ ನಡೆಯಿತು. ಕಡ್ಡಾಯ ಸೈನಿಕ ಶಿಕ್ಷಣವನ್ನು ಉಳಿಸಿಕೊಳ್ಳಲಾಯಿತು. ಯುದ್ಧಕಾಲದ ಸೇನೆಯ ಸಂಖ್ಯೆ 2,80,000. ತರಬೇತಿ ಪಡೆದ ಮೀಸಲು ಬಲ ಎಂಟು ಲಕ್ಷಕ್ಕೂ ಹೆಚ್ಚು. 2023ರ ಲೆಕ್ಕದಂತೆ ಸುಮಾರು 50,500 ನಾಗರಿಕ ರಕ್ಷಣಾಗೃಹಗಳಲ್ಲಿ 48 ಲಕ್ಷ ಜನರಿಗೆ ಸ್ಥಳವಿದೆ. ಶಾಂತಿಕಾಲದಲ್ಲಿ ಇವುಗಳಲ್ಲಿ ಕೆಲವು ಈಜುಕೊಳಗಳಾಗಿ, ಮಕ್ಕಳ ಆಟದ ಅಂಗಳಗಳಾಗಿ ಬಳಕೆಯಾಗುತ್ತವೆ. ಧಾನ್ಯ, ಇಂಧನ, ಔಷಧಗಳ ದಾಸ್ತಾನು ನೋಡಿಕೊಳ್ಳಲು ಪ್ರತ್ಯೇಕ ಸಂಸ್ಥೆಯಿದೆ. 1961ರಿಂದ ನಡೆಯುತ್ತಿರುವ ರಾಷ್ಟ್ರೀಯ ರಕ್ಷಣಾ ಶಿಕ್ಷಣವರ್ಗಗಳಲ್ಲಿ ಶಾಸಕರು, ಸಂಪಾದಕರು, ಉದ್ಯಮಿಗಳು, ಕಾರ್ಮಿಕ ಮುಖಂಡರು ಒಟ್ಟಿಗೆ ಕುಳಿತು, ಸಂಕಟ ಬಂದಾಗ ಯಾರ ಕೆಲಸ ಯಾವುದೆಂದು ಕಲಿಯುತ್ತಾರೆ.

ಇದರ ತಳಹದಿಯಲ್ಲಿ ‘ತಲ್ಕೂತ್’ ಎಂಬ ಹಳ್ಳಿಯ ಪದ್ಧತಿಯನ್ನು ಗುರುತಿಸಬಹುದು. ಒಬ್ಬರ ಮನೆ ಕಟ್ಟುವಾಗ, ಕೊಯ್ಲು ಮಾಡುವಾಗ ಊರೆಲ್ಲ ಕೂಲಿಯಿಲ್ಲದೆ ಬಂದು ದುಡಿಯುವುದು ತಲ್ಕೂತ್. ನಮ್ಮ ಮುಯ್ಯಾಳು ಪದ್ಧತಿಗೆ ಹತ್ತಿರವಾದುದು. ಯುದ್ಧಕಾಲದಲ್ಲಿ ಈ ಹೆಸರನ್ನೇ ಬಳಸಿ ಸ್ವಯಂಪ್ರೇರಿತ ದುಡಿಮೆಯನ್ನು ಸಂಘಟಿಸಲಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆ ಫಲವಿಲ್ಲವೆಂಬ ವಿವೇಕ ಇಲ್ಲಿ ದಿನನಿತ್ಯದ ವ್ಯವಸ್ಥೆಯಾಗಿದೆ. ಯುದ್ಧನಿರೋಧದ ನಿಜವಾದ ಬಲ ಇರುವುದು ವೀರಗಾಥೆಗಳಲ್ಲಿ ಎನ್ನುವುದಕ್ಕಿಂತ, ಇಂಥ ರೂಢಿಗಳಲ್ಲಿ ಎನ್ನುವುದು ಹೆಚ್ಚು ಸೂಕ್ತ.

2022ರ ನಂತರ

1995ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಮೇಲೂ ಫಿನ್ಲೆಂಡ್ ಸೇನಾಕೂಟದಿಂದ ಹೊರಗೇ ಉಳಿದಿತ್ತು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ಮಾಡಿದಾಗ ಆ ಲೆಕ್ಕಾಚಾರ ಬದಲಾಯಿತು. ಉಕ್ರೇನಿಗೆ 1994ರ ಬುಡಾಪೆಸ್ಟ್ ಒಪ್ಪಂದಪತ್ರದಲ್ಲಿ ಗಡಿಗಳ ಗೌರವದ ಮಾತು ದೊರೆತಿತ್ತು; ಆದರೆ ದಾಳಿಯಾದರೆ ಜೊತೆಗೆ ಹೋರಾಡುವ ಕಟ್ಟುಪಾಡು ಯಾರಿಗೂ ಇರಲಿಲ್ಲ. ಒಂಟಿಯಾಗಿ ನಿಂತ 1939ರ ನೆನಪು ಫಿನ್ಲೆಂಡಿನಲ್ಲಿ ಮರುಕಳಿಸಿತು. ದೀರ್ಘಕಾಲ ಅಲ್ಪಮತದಲ್ಲಿದ್ದ ನ್ಯಾಟೋ ಪರವಾದ ಅಭಿಪ್ರಾಯ ಆ ಮೇ ತಿಂಗಳಲ್ಲಿ ಶೇ. 76ಕ್ಕೆ ಏರಿತು, ಸಂಸತ್ತು 188-8 ಮತಗಳಿಂದ ಸೇರ್ಪಡೆಗೆ ಒಪ್ಪಿತು. 2023ರ ಏಪ್ರಿಲ್ 4ರಂದು ಫಿನ್ಲೆಂಡ್ ನ್ಯಾಟೋದ 31ನೆಯ ಸದಸ್ಯ ರಾಷ್ಟ್ರವಾಯಿತು. ತನ್ನದೇ ನಿರಾಕರಣೆಯ ಶಕ್ತಿಗೆ ಈಗ ಮಿತ್ರರ ವಾಗ್ದಾನವೂ ಸೇರಿತು. ಅದೇ ವರ್ಷಗಳ ಸಮೀಕ್ಷೆಗಳಲ್ಲಿ, ಫಲಿತಾಂಶ ಅನಿಶ್ಚಿತವಾದರೂ ದಾಳಿಯನ್ನು ಶಸ್ತ್ರ ಹಿಡಿದು ಎದುರಿಸಬೇಕೆಂದವರು ಶೇ. 80ಕ್ಕೂ ಹೆಚ್ಚು.

ಇದಕ್ಕೂ ಬೆಲೆಯುಂಟು. ಭರವಸೆಯ ಕಂಬ ತೆಳುವಾಗಿದೆ. 2025ರಲ್ಲಿ ಸಂಸತ್ತು ಕಾಲಾಳು ನಿರೋಧಕ ನೆಲಬಾಂಬುಗಳನ್ನು ನಿಷೇಧಿಸುವ ಒಟ್ಟಾವಾ ಒಪ್ಪಂದದಿಂದ ಹೊರಬರಲು ತೀರ್ಮಾನಿಸಿತು. ಯುದ್ಧ ಮುಗಿದ ದಶಕಗಳ ನಂತರವೂ ಹೊಲಕ್ಕೆ ಹೋದ ರೈತರ, ಮಕ್ಕಳ ಕಾಲು ತೆಗೆಯುವ ಆಯುಧವೆಂದು ಜಗತ್ತಿನ ಬಹುತೇಕ ದೇಶಗಳು ತ್ಯಜಿಸಿದ್ದನ್ನು ಭಯ ಮರಳಿ ತರುತ್ತಿದೆ. ಗಡಿಯ ಎರಡೂ ಕಡೆ ಹಂಚಿಹೋಗಿರುವ ಕರೇಲಿಯನ್ ಭಾಷಿಕರ ಪಾಲಿಗೆ ಮುಚ್ಚಿದ ಗಡಿಯೆಂದರೆ ಹಾಡಿನ ದಾರಿಯೂ ಮುಚ್ಚಿದಂತೆ.

ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಫಿನ್ಲೆಂಡಿನ ಅನುಭವದಿಂದ ನಾಲ್ಕು ಅಂಶಗಳು ಸ್ಪಷ್ಟವಾಗುತ್ತವೆ. ಹಾಡು ಸೈನ್ಯವನ್ನು ತಡೆಯುವುದಿಲ್ಲ. ತಡೆಯಲು ಶಸ್ತ್ರ, ದಾಸ್ತಾನು, ಮಿತ್ರರು ಬೇಕು. ಆದರೆ ಇವುಗಳನ್ನು ಬಳಸುವ ಸಂಕಲ್ಪ ಸಮುದಾಯದ ಸ್ಮೃತಿಯಿಂದ ಹುಟ್ಟುತ್ತದೆ. ಆ ಸ್ಮೃತಿ ಗೆದ್ದವರದಷ್ಟೇ ಆಗಿದ್ದರೆ ಒಡಕನ್ನು ಕಾಯುತ್ತದೆ. ಸೋತವರನ್ನೂ ಒಳಗೊಂಡಾಗ ನಾಡನ್ನು ಕಾಯುತ್ತದೆ. ಅದೇ ಸ್ಮೃತಿ ತನ್ನ ಗಡಿಯನ್ನು ದಾಟಿ ನೆರೆಯ ನೆಲವನ್ನು ಬಯಸತೊಡಗಿದರೆ, ರಕ್ಷಣೆಯ ಕಾವ್ಯ ಆಕ್ರಮಣದ ಘೋಷಣೆಯಾಗಿಬಿಡುತ್ತದೆ.

ಸಿರಿ ಪಾಡ್ದನವನ್ನು ದಾಖಲಿಸುವಾಗ ಹಾಂಕೊ ಅವರು ಪಠ್ಯಕ್ಕಿಂತ ಪ್ರದರ್ಶನಕ್ಕೆ, ಹಾಡುವ ವ್ಯಕ್ತಿಯ ಮನಸ್ಸಿಗೆ ಪ್ರಾಶಸ್ತ್ಯ ಕೊಟ್ಟರು. ಹಾಡು ಅಚ್ಚಿನ ಪುಸ್ತಕದಲ್ಲಿ ನಿಂತಿರುವುದಿಲ್ಲ, ಪ್ರತಿ ಬಾರಿ ಹಾಡಿದಾಗಲೂ ಹೊಸದಾಗಿ ಹುಟ್ಟುತ್ತದೆ ಎಂಬುದು ಆ ಕೆಲಸದ ತಿರುಳು. ಒಂದು ಚಿಕ್ಕ ಪ್ರಜಾಪ್ರಭುತ್ವದ ಸ್ವಾತಂತ್ರ್ಯದ ವಿಷಯದಲ್ಲೂ ಈ ಮಾತು ಸಲ್ಲುತ್ತದೆ. ಅದು 1917ರ ಘೋಷಣಾಪತ್ರದಲ್ಲಾಗಲಿ 1940ರ ವೀರಸಮಾಧಿಗಳಲ್ಲಾಗಲಿ ಸಂಗ್ರಹವಾಗಿ ಉಳಿದಿಲ್ಲ. ಮೀಸಲು ತರಬೇತಿಗೆ ಹೋಗುವ ಶಿಕ್ಷಕ, ರಕ್ಷಣಾಗೃಹದ ಬಾಗಿಲನ್ನು ಪರೀಕ್ಷಿಸುವ ಊರಿನ ನೌಕರ, ಬೇರೆ ಪಕ್ಷದವನೊಡನೆ ಕುಳಿತು ಮಾತನಾಡುವ ಶಾಸಕ ಇವರ ನಡವಳಿಕೆಯಲ್ಲಿ ಅದು ಪ್ರತಿ ತಲೆಮಾರಿಗೂ ಮತ್ತೆ ಹುಟ್ಟಬೇಕಾಗಿದೆ. ನೆರೆಯ ಬಲಾಢ್ಯನು ಗಮನಿಸುತ್ತಿರುವುದೂ ಅದನ್ನೇ.